ಹಿಮ್ಮೇಳಕ್ಕೆ ಒಬ್ಬರು ಬೇಕಾಗಿದ್ದಾರೆ

ಡಿಗ್ರಿ ಮುಗಿದು ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ಎಫ್‌ಡಿಎ, ಎಸ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್, ಗ್ರಾಮ ಆಡಳಿತ ಅಧಿಕಾರಿ ಎಂದು ನಾನು ಹಾಕಿದ ಅರ್ಜಿಗಳಿಗೆ ಲೆಕ್ಕವಿಲ್ಲ. ಒಂದರಲ್ಲಿ ಎರಡು ಅಂಕ ಕಡಿಮೆ, ಇನ್ನೊಂದರಲ್ಲಿ ಎತ್ತರ ಸಾಲಲಿಲ್ಲ, ಮತ್ತೊಂದರ ಫಲಿತಾಂಶ ಇನ್ನೂ ಬಂದಿಲ್ಲ. ಅರ್ಜಿಯನ್ನೇ ಹಾಕದೆ ನನಗೆ ಸಿಕ್ಕ ಒಂದೇ ಕೆಲಸವೆಂದರೆ ತುಂತುಣಿ ಬಾರಿಸುವುದು. ಅದೂ ಒಂದು ಮಧ್ಯಾಹ್ನದ ಮಟ್ಟಿಗೆ.

ಅವತ್ತು ಸದಲಗಾದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಸಾಮಾನ್ಯ ಜ್ಞಾನದ ಪುಸ್ತಕ ತಿರುವುತ್ತಿದ್ದೆ. ಹೊರಗೆ ಬೈಕ್ ನಿಂತ ಸದ್ದಾಯಿತು. ಸೋದರಮಾವ ಒಳಗೆ ಬಂದವರೇ, ನೀರು ಕೂಡ ಕೇಳದೆ ಹೇಳಿದರು: ‘ಏ ತಮ್ಮಾ, ಏಳ. ತುಂತುಣಿಯಂವಗ ಜ್ವರ ಬಂದಾವು. ಮೂರ ಗಂಟೇಕ ಹಾಡಕಿ ಐತಿ. ನೀ ನಿಂದ್ರಬೇಕ.’

‘ಮಾಮಾ, ನನಗ ಹಾಡಾಕ ಎಲ್ಲಿ ಬರತೈತಿ?’

‘ಹಾಡಾಕ ನಾ ಅದೀನಿ. ನೀ ಗೀ ಗೀ ಅಂದ್ರ ಸಾಕು.’

ಅಡುಗೆಮನೆಯಿಂದ ಅವ್ವ ಇಸ್ತ್ರಿ ಮಾಡಿದ ಬಿಳಿ ಅಂಗಿ ತಂದು ಕೈಗಿಟ್ಟಳು. ಅಲ್ಲಿಗೆ ನನ್ನ ಸಂದರ್ಶನ ಮುಗಿದು ನೇಮಕಾತಿ ಆದೇಶವೂ ಬಂದಂತಾಯಿತು.

ಮಾಮಾ ಗೀಗೀ ಪದದ ಹಾಡುಗಾರರು. ವಯಸ್ಸು ಅರವತ್ತು ದಾಟಿದೆ. ಅರವತ್ತು ಗುಂಟೆ ಹೊಲ, ಎರಡು ಎಮ್ಮೆ, ಒಂದು ಡಪ್ಪು ಅವರ ಆಸ್ತಿ. ತಮ್ಮ ಪದಗಳನ್ನು ತಾವೇ ಕಟ್ಟುತ್ತಾರೆ. ಆದರೆ ಸಹಿಯ ಹೊರತು ಬೇರೇನೂ ಬರೆಯಲು ಬಾರದು. ಏಳನೆಯ ಇಯತ್ತೆ ಕಲಿತ ಅವ್ವ, ಮದುವೆಗೆ ಮೊದಲಿನಿಂದಲೂ ಅಣ್ಣನ ಪದಗಳನ್ನು ವಹಿಯಲ್ಲಿ ಬರೆದಿಟ್ಟಿದ್ದಾಳೆ. ಅಂಥ ನಾಲ್ಕು ವಹಿ ನಮ್ಮ ಟ್ರಂಕಿನಲ್ಲಿವೆ. ಚಿಕ್ಕಂದಿನಿಂದ ಅವನ್ನು ನೋಡಿದ್ದೆ, ಓದಿರಲಿಲ್ಲ. ನನ್ನ ಪರೀಕ್ಷೆಗೆ ಅವು ಬರುವುದಿಲ್ಲವಲ್ಲ!

ರಾತ್ರಿಯಿಂದ ಮಧ್ಯಾಹ್ನಕ್ಕೆ

ದೂಧಗಂಗಾ ಹೊಳೆಸಾಲಿನ ಒಂದು ಹಳ್ಳಿಯ ಜಾತ್ರೆ ಅದು. ಹೋಗುವ ದಾರಿಯುದ್ದಕ್ಕೂ ಕಬ್ಬು. ನನಗೆ ಒಂದೇ ಚಿಂತೆ: ಕಾಲೇಜಿನ ಗೆಳೆಯರು ಯಾರಾದರೂ ಅಲ್ಲಿ ಸಿಕ್ಕರೆ? ಪಟಕಾ ಸುತ್ತಿದ ಇಬ್ಬರು ಹಿರಿಯರ ಮಧ್ಯೆ ನಾನು ತುಂತುಣಿ ಹಿಡಿದು ನಿಂತದ್ದನ್ನು ಯಾರಾದರೂ ಸ್ಟೇಟಸ್‌ಗೆ ಹಾಕಿದರೆ?

ಆ ಭಯ ಬೇಕಿರಲಿಲ್ಲ. ಅಲ್ಲಿ ನನ್ನ ವಯಸ್ಸಿನವರು ಇದ್ದರು, ಆದರೆ ಅವರೆಲ್ಲ ಊರಿನ ಇನ್ನೊಂದು ತುದಿಯಲ್ಲಿ ರಾತ್ರಿಯ ಆರ್ಕೆಸ್ಟ್ರಾಕ್ಕೆ ಸ್ಪೀಕರ್ ಕಟ್ಟುತ್ತಿದ್ದರು. ಗುಡಿಯ ಮುಂದಿನ ಆಲದ ಮರದ ಕೆಳಗೆ ನಲವತ್ತು–ಐವತ್ತು ಜನ ಕುಳಿತಿದ್ದರು. ಹೆಚ್ಚಿನವರು ಮುತ್ಯಾಗಳು, ಆಯಿಗಳು. ಮೊದಲೆಲ್ಲ ಗೀಗೀ ಹಾಡಕಿ ರಾತ್ರಿ ಊಟವಾದ ಮೇಲೆ ಶುರುವಾದರೆ ಬೆಳ್ಳಿ ಚುಕ್ಕಿ ಮೂಡುವವರೆಗೆ ನಡೆಯುತ್ತಿತ್ತಂತೆ. ಆ ಜಾತ್ರೆಯಲ್ಲಿ ಈಗ ರಾತ್ರಿ ಆರ್ಕೆಸ್ಟ್ರಾದ ಪಾಲಾಗಿದೆ, ಹಾಡಕಿಗೆ ಉಳಿದದ್ದು ಮಧ್ಯಾಹ್ನ ಮೂರರಿಂದ ಆರು. ‘ಆಗಲಿ ಬಿಡ, ನಮಗೂ ವಯಸ್ಸಾತು. ಮಧ್ಯಾಹ್ನನ ಬೇಸಿ’ ಎಂದು ಮಾಮಾ ನಕ್ಕರು. ಆ ನಗುವಿನಲ್ಲಿ ಪೂರ್ತಿ ನಗು ಇರಲಿಲ್ಲ.

ಗೀಗೀ ಪದದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಮೇಳವೆಂದರೆ ಸಾಮಾನ್ಯವಾಗಿ ಮೂರ್ನಾಲ್ಕು ಜನ. ಮುಂದೆ ನಿಂತವರು ಡಪ್ಪು ಬಾರಿಸುತ್ತ ಹಾಡುತ್ತಾರೆ. ಹಿಂದೆ ನಿಂತವರಲ್ಲಿ ಒಬ್ಬರ ಕೈಯಲ್ಲಿ ತುಂತುಣಿ, ಇನ್ನೊಬ್ಬರ ಕೈಯಲ್ಲಿ ತಾಳ. ತುಂತುಣಿಗೆ ಇರುವುದು ಒಂದೇ ತಂತಿ. ತಳಕ್ಕೆ ಚರ್ಮ ಬಿಗಿದ ಕಟ್ಟಿಗೆಯ ಕೊಳಗ, ಪಕ್ಕಕ್ಕೊಂದು ಕೋಲು, ಅದರ ತುದಿಗೆ ಬಿಗಿದ ತಂತಿ. ಕಂಕುಳಲ್ಲಿ ಅವುಚಿಕೊಂಡು ಮೀಟಬೇಕು. ಮುಂದಿನವರು ಸಾಲು ಹಾಡಿ ಬಿಟ್ಟ ಕೂಡಲೇ ಅದರ ಕೊನೆ ಹಿಡಿದು ‘ಗೀ ಗೀ’ ಎಂದು ಎಳೆಯುವುದು ಹಿಮ್ಮೇಳದ ಕೆಲಸ. ಈ ಪದಗಳಿಗೆ ಹೆಸರು ಬಂದದ್ದೇ ಆ ‘ಗೀ ಗೀ’ಯಿಂದ.

ಎರಡು ಮೇಳ ಎದುರುಬದುರು ನಿಂತರೆ ಅದು ಹರದೇಶಿ–ನಾಗೇಶಿ. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಎಂದು ವಾದಿಸುತ್ತಾರೆ. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎನ್ನುತ್ತಾರೆ. ಗಡಿಯಾಚೆ ಮರಾಠಿ ಶಾಹಿರರಲ್ಲಿ ಇದೇ ಜಗಳಕ್ಕೆ ಕಲಗಿ–ತುರಾ ಎಂಬ ಹೆಸರಿದೆ. ಒಬ್ಬರು ಪದದಲ್ಲೇ ಸವಾಲು ಹಾಕಬೇಕು, ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಪುರಾಣ ಗೊತ್ತಿರಬೇಕು, ಲೋಕ ಗೊತ್ತಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಬಾಯಿ ಚುರುಕಾಗಿರಬೇಕು. ಕೆಲವು ಪದ ಮೊದಲೇ ಕಟ್ಟಿಟ್ಟವು, ಕೆಲವು ನಿಂತ ನಿಲುವಿನಲ್ಲೇ ಹುಟ್ಟುವಂಥವು. ನಮ್ಮ ಪರೀಕ್ಷೆಯಂತೆ ನಾಲ್ಕು ಆಯ್ಕೆ ಕೊಟ್ಟು ಒಂದಕ್ಕೆ ಗುರುತು ಹಾಕಿ ಎನ್ನುವ ಸೌಕರ್ಯ ಅಲ್ಲಿಲ್ಲ.

ಕಬ್ಬಿಗೆ ಬೀಜ ಎಲ್ಲಿ?

ಅವತ್ತು ಮಾಮಾನ ಎದುರು ನಾಗೇಶಿ ಹಾಡಲು ನಿಂತವರು ಎಪ್ಪತ್ತರ ಹತ್ತಿರದ ಒಬ್ಬ ಆಯಿ. ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ, ಕೈಯಲ್ಲಿ ನನ್ನ ವಯಸ್ಸಿಗಿಂತ ಹಳೆಯ ಡಪ್ಪು. ಇಬ್ಬರೂ ಮೂವತ್ತು ವರ್ಷದಿಂದ ಎದುರಾಳಿಗಳಂತೆ. ಹಾಡುವ ಮೊದಲು ಮಾಮಾ ಹೋಗಿ ಅವರ ಕಾಲು ಮುಟ್ಟಿ ಬಂದರು. ಎದುರಾಳಿಯ ಕಾಲು ಮುಟ್ಟುವ ಸ್ಪರ್ಧೆಯನ್ನು ನಾನು ಅದೇ ಮೊದಲು ನೋಡಿದ್ದು.

ಸ್ತುತಿ ಮುಗಿಯಿತು. ಮಾಮಾ ಮೊದಲ ಸವಾಲು ಎಸೆದರು. ಅದು ಈ ವಾದದ ಹಳೆಯ ಪಟ್ಟು: ಬೀಜವಿಲ್ಲದೆ ಬೆಳೆ ಎಲ್ಲಿಯದು, ಆದ್ದರಿಂದ ಬೀಜವೇ ದೊಡ್ಡದು, ಗಂಡೇ ದೊಡ್ಡವನು. ನಾನೂ ಹಿಂದಿನಿಂದ ಜೋರಾಗಿ ‘ಗೀ ಗೀ’ ಎಂದೆ. ಇಷ್ಟೇ ತಾನೇ ಅನ್ನಿಸಿತು.

ಆಯಿ ಡಪ್ಪು ಎತ್ತಿದರು. ಭೂಮಿ ದೊಡ್ಡದು ಎಂಬ ಹಳೆಯ ಜವಾಬು ಬರುತ್ತದೆ ಎಂದು ಎಲ್ಲರೂ ಕಾಯುತ್ತಿದ್ದರೆ, ಅವರು ಸುತ್ತಲಿನ ಹೊಲದತ್ತ ಕೈ ತೋರಿಸಿದರು. ಈ ಹೊಳೆಸಾಲಿನಲ್ಲಿ ಎತ್ತ ನೋಡಿದರೂ ಕಬ್ಬೇ ಇದೆಯಲ್ಲ ತಮ್ಮಾ, ಇದಕ್ಕೆ ಯಾವ ಬೀಜ ಬಿತ್ತಿದ್ದೆ ತೋರಿಸು ಎಂದು ಕೇಳಿದರು. ಕಬ್ಬು ಕಡಿದು ಕಬ್ಬನ್ನೇ ಹೂಳುತ್ತೀರಿ, ನೆಲದವ್ವ ಅದನ್ನು ಎತ್ತಿ ಬೆಳೆಸುತ್ತಾಳೆ, ಇದರಲ್ಲಿ ನಿನ್ನ ಬೀಜದ ದೊಡ್ಡಸ್ತಿಕೆ ಏನು?

ಕುಳಿತ ಜನ ಹೋ ಎಂದು ನಕ್ಕರು. ಒಬ್ಬ ಮುತ್ಯಾ ಎದ್ದು ಬಂದು ಹತ್ತು ರೂಪಾಯಿ ಬಕ್ಷೀಸು ಕೊಟ್ಟ. ನಾನೂ ನಕ್ಕೆ. ನಕ್ಕೆ ಎಂದರೆ ಹೊಟ್ಟೆ ಹಿಡಿದು ನಕ್ಕೆ. ಅಷ್ಟರಲ್ಲಿ ಮಾಮಾ ಜವಾಬಿನ ಮೊದಲ ಸಾಲು ಹಾಡಿ ಬಿಟ್ಟಿದ್ದರು. ಅದರ ಕೊನೆ ಹಿಡಿಯಬೇಕಾದವನು ನಾನು. ನನ್ನ ಬಾಯಲ್ಲಿ ನಗುವಿತ್ತು, ಗೀ ಗೀ ಇರಲಿಲ್ಲ. ತಾಳದ ಕಾಕಾ ಕೂಡ ನನ್ನ ಕಡೆ ನೋಡುತ್ತ ತಡವರಿಸಿದರು. ಸಾಲು ನೆಲಕ್ಕೆ ಬಿತ್ತು. ಎಲ್ಲ ಸ್ತಬ್ಧ.

ಅದು ಎಷ್ಟು ಸೆಕೆಂಡೋ ಗೊತ್ತಿಲ್ಲ. ಮಾಮಾನ ಕುತ್ತಿಗೆಯ ನರ ಉಬ್ಬಿದ್ದು ಹಿಂದಿನಿಂದ ಕಾಣುತ್ತಿತ್ತು. ಅವರ ಕೈ ಡಪ್ಪಿನ ಮೇಲೆ ಒಂದೇ ಪೆಟ್ಟನ್ನು ಮತ್ತೆ ಮತ್ತೆ ಹೊಡೆಯುತ್ತಿತ್ತು. ಮುಂದಿನ ಸಾಲು ಬರಲಿಲ್ಲ.

ಆಗ ಎದುರಿನಿಂದ ‘ಗೀ’ ಎಂಬ ಸ್ವರ ಎದ್ದಿತು. ಆಯಿಯ ಹಿಂದೆ ತಾಳ ಹಿಡಿದು ನಿಂತಿದ್ದ ಹೆಂಗಸು ನಮ್ಮ ಸಾಲಿನ ಕೊನೆಯನ್ನು ತಾನು ಎತ್ತಿಕೊಂಡಿದ್ದಳು. ಆಯಿಯೂ ದನಿ ಕೂಡಿಸಿದರು. ತಮ್ಮ ವಿರುದ್ಧ ಬರಲಿರುವ ಜವಾಬಿಗೆ ತಾವೇ ಹಿಮ್ಮೇಳ ಹಾಡಿದರು! ಅವರ ಸ್ವರದ ದಾರ ಹಿಡಿದು ನಾನೂ ಒಳಗೆ ಬಂದೆ. ಮಾಮಾನ ಕೈ ಮತ್ತೆ ತಾಳಕ್ಕೆ ಬಂತು. ಎರಡನೆಯ ಸಾಲು ಹೊರಟಿತು: ಹೂಳಿದ್ದು ಕಬ್ಬಿನ ತುಂಡೇ ಇರಲಿ, ಅದರ ಗಣಿಕೆಯ ಮೇಲೆ ಕಣ್ಣು ಇಲ್ಲದಿದ್ದರೆ ಮೊಳಕೆ ಎಲ್ಲಿಂದ? ಆ ಕಣ್ಣೇ ಬೀಜ ಎಂದರು. ಈ ಸಲ ಜನ ಮಾಮಾನ ಕಡೆ ವಾಲಿದರು.

ಆಯಿ ಬಿಡಲಿಲ್ಲ. ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರಿನ ಮೇಲೆ ಹೇರಿದ ಕಬ್ಬಿಗೂ ಕಣ್ಣಿದೆ, ಅದು ಹೇರಿದಲ್ಲೇ ಏಕೆ ಬೆಳೆದು ನಿಲ್ಲುವುದಿಲ್ಲ? ನೆಲದ ತೇವ ತಾಗದೆ ಕಣ್ಣು ತೆರೆಯುವುದು ಹೇಗೆ? ಹೀಗೆ ಸಂಜೆ ಆರರ ತನಕ ನಡೆಯಿತು. ಕೊನೆಗೆ ರೂಢಿಯಂತೆ ಇಬ್ಬರೂ ಸೇರಿ ಮಂಗಳ ಹಾಡಿದರು. ಗೆದ್ದವರು ಯಾರು ಎಂದು ಯಾರೂ ಕೇಳಲಿಲ್ಲ.

ಹತ್ತು ಸೆಕೆಂಡಿನ ಬೆಲೆ

ಗುಡಿಯ ಹಿಂದೆ ಚಹಾ ಕುಡಿಯುವಾಗ ನಾನು ತಲೆ ಎತ್ತಲಿಲ್ಲ. ಮಾಮಾ ಬೈಯಲಿಲ್ಲ. ‘ನೀ ಗೀ ಅನ್ನೂತನಕ ನನಗ ಉಸರ ಸಿಗತೈತಿ. ಆ ಉಸರಿನಾಗ ಮುಂದಿನ ಮಾತ ಸಿಗತೈತಿ. ನೀ ನಿಂತಿ ಅಂದ್ರ ನಾನೂ ನಿಂತೆ’ ಎಂದರು, ಅಷ್ಟೆ.

ಅಲ್ಲಿಯವರೆಗೆ ಹಿಮ್ಮೇಳವೆಂದರೆ ಹಾಡಲು ಬಾರದವರ ಜಾಗ ಎಂದುಕೊಂಡಿದ್ದೆ. ಕೇಳುವವರಿಗೆ ‘ಗೀ ಗೀ’ ಒಂದು ಇಂಪು. ಹಾಡುವವರಿಗೆ ಅದು ಯೋಚಿಸಲು ಸಿಗುವ ಹತ್ತು ಸೆಕೆಂಡು. ನಿಂತ ನಿಲುವಿನಲ್ಲಿ ಪದ ಕಟ್ಟುವ ವಿದ್ಯೆಯ ಗುಟ್ಟು ಅಲ್ಲಿದೆ. ಮುಂದಿನವರು ಎಷ್ಟೇ ದೊಡ್ಡ ಕವಿಯಾದರೂ ಹಿಂದೆ ನಿಂತವರು ಆ ಸಮಯ ಕೊಡದಿದ್ದರೆ ಎರಡನೆಯ ಸಾಲು ಹುಟ್ಟುವುದಿಲ್ಲ.

ಮನೆಗೆ ಬಂದ ಮೇಲೆ ಹತ್ತನೆಯ ತರಗತಿಯಲ್ಲಿ ಓದಿದ ‘ಹಲಗಲಿ ಬೇಡರು’ ಪದ್ಯ ನೆನಪಾಯಿತು. ನಿಮಗೂ ನೆನಪಿರಬಹುದು. 1857ರಲ್ಲಿ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿಯುವ ಕಾನೂನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲ ಎಂದು ತಿರುಗಿ ನಿಂತರು, ದಂಡು ಬಂದು ಊರನ್ನೇ ಸುಟ್ಟಿತು. ‘ಹಲಗಲಿ ದಂಗೆ ನಡೆದ ವರ್ಷ ಯಾವುದು?’ ಎಂಬುದು ನನ್ನ ನೋಟ್ಸಿನಲ್ಲಿ ಒಂದು ಅಂಕದ ಪ್ರಶ್ನೆ. ಅದು ಒಂದು ಲಾವಣಿ, ನಮ್ಮ ಮಾಮಾನಂಥ ಹಾಡುಗಾರನೊಬ್ಬ ಕಟ್ಟಿ ಹಾಡಿದ್ದು ಎಂದು ನಾನು ಎಂದೂ ಯೋಚಿಸಿರಲಿಲ್ಲ. ಅದರ ಕೊನೆಯಲ್ಲಿ ಕುರ್ತಕೋಟಿಯ ಕಲ್ಮೇಶನ ಹೆಸರು ಬರುತ್ತದೆ. ಮಾಮಾನ ಪದಗಳ ಕೊನೆಯ ನುಡಿಯಲ್ಲೂ ಹೀಗೆಯೇ ಊರಿನ ಹೆಸರು, ದೇವರ ಹೆಸರು ಇರುತ್ತದೆ. ಪತ್ರಿಕೆ ತಲುಪದ ಕಾಲದಲ್ಲಿ ಸುದ್ದಿಯನ್ನು ಊರೂರಿಗೆ ಮುಟ್ಟಿಸಿದ್ದು ಇಂಥವರೇ. ಸಂಗೊಳ್ಳಿ ರಾಯಣ್ಣನ ಕಥೆಯೂ ಹೀಗೆ ಹಾಡಿನಲ್ಲಿ ಉಳಿಯಿತು. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ನಮ್ಮ ಜಿಲ್ಲೆಯದೇ ರಾಮದುರ್ಗ ತಾಲ್ಲೂಕಿನ ಹುಲಕುಂದದ ಭೀಮಕವಿಗಳ ಪದಗಳು ಜನರನ್ನು ಹುರಿದುಂಬಿಸಿದವು.

ಆದರೆ ಅವು ನಮ್ಮವರೆಗೆ ಬಂದದ್ದು ಹೇಗೆ? ಯಾರೋ ಕೇಳಿ ಬರೆದುಕೊಂಡದ್ದರಿಂದ. ಹಲಗಲಿಯ ಲಾವಣಿಯನ್ನು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಮಾಡಿಸಿದ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರ ಗುಂಪು 1933ರಲ್ಲಿ ‘ಜೀವನ ಸಂಗೀತ’ ಎಂಬ ಲಾವಣಿ ಸಂಗ್ರಹ ತಂದಿತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಆ ಗುಂಪಿನವರು. ಆಗ ಅವರೂ ನಮ್ಮಂತೆ ಹುಡುಗರೇ. ಹಾಡಿಗೆ ಇನ್ನೊಂದು ಬಗೆಯ ಹಿಮ್ಮೇಳ ಅದು. ಟ್ರಂಕಿನಲ್ಲಿ ನಾಲ್ಕು ವಹಿ ಇಟ್ಟ ನಮ್ಮ ಅವ್ವನೂ ಅದೇ ಸಾಲಿನವಳು.

ಡಬ್ಲಿನ್‌ನಿಂದ ಬಂದ ವಿಡಿಯೊ

ತಾಳದ ಕಾಕಾನ ಮಗ ಹಾಡಕಿಯ ಎರಡು ನಿಮಿಷ ಫೋನಿನಲ್ಲಿ ಹಿಡಿದಿದ್ದ. ಅದನ್ನು ಐರ್ಲೆಂಡಿನ ಡಬ್ಲಿನ್‌ನಲ್ಲಿ ಎಂ.ಎಸ್. ಓದುತ್ತಿರುವ ಗೆಳೆಯನಿಗೆ ಕಳಿಸಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ಅವನು ತಾನು ಭಾನುವಾರ ಮಧ್ಯಾಹ್ನ ಕಂಡ ಒಂದು ಹಾಡಿಕೆಯ ವಿಡಿಯೊ ಕಳಿಸಿದ. ಚಿಕ್ಕ ಕೋಣೆ, ತಲೆ ನೆರೆತ ಮೂವರು ಹಾಡುಗಾರರು, ತಾವೇ ಕಟ್ಟಿದ ಹಾಡುಗಳು. ಒಬ್ಬರ ಕೈಯಲ್ಲಿ ಗಿಟಾರ್, ಇನ್ನೊಬ್ಬರ ಕೈಯಲ್ಲಿ ಬೌರಾನ್. ಬೌರಾನ್ ಎಂದರೆ ಕಟ್ಟಿಗೆಯ ಬಳೆಗೆ ಆಡಿನ ಚರ್ಮ ಬಿಗಿದ ವಾದ್ಯ, ಚಿಕ್ಕ ಕೋಲಿನಿಂದ ಬಾರಿಸುತ್ತಾರೆ. ಮಾಮಾಗೆ ತೋರಿಸಿದರೆ ‘ಇದು ನಮ್ಮ ಡಪ್ಪಿನ ತಮ್ಮನ ಅಲ್ಲೇನೋ!’ ಎಂದರು. ವಿಡಿಯೊದಲ್ಲಿ ಪಲ್ಲವಿ ಬಂದಾಗ ಕುಳಿತವರೆಲ್ಲ ದನಿ ಕೂಡಿಸುತ್ತಿದ್ದರು. ಇಡೀ ಕೋಣೆಯೇ ಹಿಮ್ಮೇಳ.

ಐರ್ಲೆಂಡಿನ ಹೆಸರಾಂತ ಹಾಡುಗಾರ ಕ್ರಿಸ್ಟಿ ಮೂರ್ ಬಗ್ಗೆ ಆಗ ಓದಿದೆ. 1945ರಲ್ಲಿ ಹುಟ್ಟಿದವರು. ಮೊದಲು ಬ್ಯಾಂಕಿನಲ್ಲಿ ಗುಮಾಸ್ತರು. ನಾವೆಲ್ಲ ಹಗಲಿರುಳು ಓದಿ ಬಯಸುವ ಅದೇ ನೌಕರಿ! 1966ರಲ್ಲಿ ಅಲ್ಲಿ ಬ್ಯಾಂಕ್ ನೌಕರರ ಮುಷ್ಕರವಾದಾಗ ಇಂಗ್ಲೆಂಡಿಗೆ ಹೋದರು, ಸಿಕ್ಕ ಕೆಲಸ ಮಾಡುತ್ತ ಕ್ಲಬ್ಬುಗಳಲ್ಲಿ ಹಾಡಿದರು, ಮತ್ತೆ ಬ್ಯಾಂಕಿಗೆ ಮರಳಲಿಲ್ಲ. ಅವರೂ ಗಿಟಾರಿನ ಜೊತೆಗೆ ಬೌರಾನ್ ಬಾರಿಸುತ್ತಾರೆ. ಇದನ್ನು ಹೇಳಿದ್ದು ನೀವೂ ನೌಕರಿಯ ಆಸೆ ಬಿಡಿ ಎನ್ನಲು ಅಲ್ಲ. ನಾನಂತೂ ಬಿಟ್ಟಿಲ್ಲ. ನಮ್ಮ ಮಾಮಾ ಹೊಲವನ್ನೂ ಬಿಡಲಿಲ್ಲ, ಡಪ್ಪನ್ನೂ ಬಿಡಲಿಲ್ಲ. ಎರಡೂ ದಾರಿಗಳಲ್ಲಿ ಜನ ನಡೆದಿದ್ದಾರೆ.

ನನ್ನನ್ನು ಕಾಡಿದ್ದು ಬೇರೆ ಮಾತು. ಅಪ್ಪ ಇಚಲಕರಂಜಿಯ ಮಗ್ಗದಲ್ಲಿ ರಾತ್ರಿ ಪಾಳಿ ಮಾಡಿ ಬೆಳಿಗ್ಗೆ ಮನೆಗೆ ಬರುತ್ತಾರೆ. ತಂಗಿ ಬ್ಲೌಸ್ ಹೊಲಿದು ನನ್ನ ಅರ್ಜಿಯ ಶುಲ್ಕ ಕಟ್ಟುತ್ತಾಳೆ. ಎರಡು ವರ್ಷದಿಂದ ನಾನು ಮೊದಲ ಸಾಲು ಹಾಡಿ ಎರಡನೆಯ ಸಾಲಿಗೆ ತಡಕಾಡುತ್ತಿದ್ದೇನೆ. ಅಷ್ಟೂ ಹೊತ್ತು ನನ್ನ ಹಿಂದೆ ನಿಂತು ಸ್ವರ ಬೀಳದಂತೆ ಹಿಡಿದವರು ಇವರು. ‘ಇನ್ನೂ ಖಾಲಿ ಅದಾನೇನು?’ ಎಂದು ಜನ ಕೇಳಿದಾಗ ನಾನು ನಾಚುತ್ತಿದ್ದೆ. ಈಗ ಆ ಎರಡು ವರ್ಷಗಳನ್ನು ಖಾಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಗೆಳೆಯರೇ, ನಿಮ್ಮ ಊರಲ್ಲೂ ಒಂದು ಮೇಳ ಇರಬಹುದು. ಗೀಗೀ ಇರಬಹುದು, ಡೊಳ್ಳಿನ ಪದವೋ ಭಜನೆಯೋ ಇರಬಹುದು. ಹೋಗಿ ಕೇಳಿ. ಫೋನ್ ಇದ್ದೇ ಇದೆ, ಒಪ್ಪಿಗೆ ಕೇಳಿ ಪೂರ್ತಿ ಹಾಡು ರೆಕಾರ್ಡ್ ಮಾಡಿ. ಹಾಡಿದವರ ಹೆಸರು, ಕಟ್ಟಿದವರ ಹೆಸರು, ಊರು, ತಾರೀಖು ಬರೆದಿಡಿ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯವೇ ಇದೆ ನಿಜ. ಆದರೆ ನಮ್ಮ ಓಣಿಯ ಹಾಡು ಅಲ್ಲಿಗೆ ತಾನಾಗಿ ನಡೆದು ಹೋಗುವುದಿಲ್ಲ.

ನಾನು ಕಲಿತ ಪಾಠ ಇದು. ಅವತ್ತಿನ ಕಬ್ಬಿನ ಸವಾಲು–ಜವಾಬನ್ನು ವಹಿಯಲ್ಲಿ ಬರೆಯೋಣ ಎಂದು ಮಾರನೆಯ ವಾರ ಅವ್ವನ ಮುಂದೆ ಕುಳಿತೆ. ಪಕ್ಕದಲ್ಲೇ ನಿಂತು ಕೇಳಿದ ನನಗೆ ಭಾವ ನೆನಪಿತ್ತು, ಮಾತು ನೆನಪಿರಲಿಲ್ಲ. ಫೋನಿನ ಎರಡು ನಿಮಿಷದಲ್ಲಿ ಅದು ಇರಲಿಲ್ಲ. ಕಟ್ಟಿದ ಮಾಮಾಗೂ ಅರ್ಧವೇ ನೆನಪು. ‘ಆಯೀಗ ಫೋನ್ ಹಚ್ಚ. ಅಕೀಗ ಎಲ್ಲಾ ನೆನಪ ಇರತಾವು’ ಎಂದರು.

ಹಚ್ಚಿದೆ. ಆಯಿ ತಮ್ಮ ಸವಾಲನ್ನೂ ಹೇಳಿದರು, ಮಾಮಾನ ಜವಾಬನ್ನೂ ಒಂದಕ್ಷರ ಬಿಡದೆ ಹೇಳಿದರು. ಅವ್ವ ಕನ್ನಡಕ ತೆಗೆದು ಪೆನ್ನನ್ನು ನನ್ನ ಕೈಗೆ ಕೊಟ್ಟಳು. ನಾಲ್ಕನೆಯ ವಹಿಯ ಕೊನೆಯ ಪುಟಗಳಲ್ಲಿ ಮೊದಲ ಸಲ ನನ್ನ ಅಕ್ಷರ ಬಿತ್ತು.

ಬರೆದು ಮುಗಿದ ಮೇಲೆ ಆಯಿ ಕೇಳಿದರು: ‘ನೌಕರಿ ಆತೇನು ತಮ್ಮಾ?’

‘ಇನ್ನೂ ಇಲ್ಲ ಆಯಿ.’

‘ಆಕ್ಕೈತಿ ತಗೋ. ಅಲ್ಲೀತನಕ ಗೀ ಗೀ ಅನ್ನು.’